ಯುವರಾಜ್ ತೀರಿಕೊಂಡ ಸುದ್ದಿ

ಯುವರಾಜ್ ತೀರಿಕೊಂಡರೆಂದು ಶಿರೀಷಾಗೆ ಮೊದಲು ಹೇಳಿದವನು ಅಪ್ಪನ ಗೆಳೆಯ, ಕುಂದುರ್ಪಿಯ ಕುರಿಗಾಹಿ ಕದಿರಣ್ಣ. ಅವಳು ಹಿಂದೂಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಅಂದು ವಿದ್ಯಾರ್ಥಿಗಳಿಂದ ಲೋಲಕದ ಪ್ರಯೋಗ ಮಾಡಿಸುತ್ತಿದ್ದಾಗ ಫೋನ್ ಬಂತು. ಲ್ಯಾಬಿನಿಂದ ವರಾಂಡಕ್ಕೆ ಬಂದಳು.

"ಸಿರೀಸಮ್ಮಾ, ಇಷ್ಯ ಗೊತ್ತಾಯ್ತಾ? ಗಾಳಿ ಫ್ಯಾನಿನ ಯುವರಾಜ್ ಸಾರು ಹೋಗ್ಬುಟ್ರಂತೆ ಕಣಮ್ಮ. ಪಾಪಂ."

"ಯಾರು ಹೇಳಿದ್ದು ಮಾವ?"

ಆ ಕಡೆಯಿಂದ ಕುರಿಗಳ ಸದ್ದು ಮಾತ್ರ ಕೇಳಿಸಿತು.

"ಯಾರು ಅಂದ್ರೆ... ಮೈಕಲ್ಲಿ ಹೇಳ್ಕೊಂಡ್ ಹೋಯ್ತಿದ್ರು. ನಿಮ್ಮಪ್ಪನೇ."

ಅವಳ ಅಪ್ಪ ಶ್ರೀರಾಮುಲು ಶಿವರಾತ್ರಿಗೆ ಮುಂಚೆಯೇ ತೀರಿಕೊಂಡಿದ್ದರು. ಅವರ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಕದಿರಣ್ಣನೂ ಒಬ್ಬ.

"ಮಾವ, ಸರಿಯಾಗಿ ಹೇಳು."

"ಏನು ಹೇಳ್ಲಿ ತಾಯಿ, ನಂಗೂ ಈಗ್ಲೇ ಹೊಳೀತಿರೋದು," ಎಂದು ಅವನು ಫೋನ್ ಇಟ್ಟುಬಿಟ್ಟ.

ಶಿರೀಷಾ ಮೊಬೈಲಿನಲ್ಲಿ ಹುಡುಕಿದಳು. ಯುವರಾಜ್ ಬದುಕಿದ್ದರು. ಅದೇ ಹೊತ್ತಿನಲ್ಲಿ ಯಾವುದೋ ವೇದಿಕೆಯ ಮೇಲೆ ಬಿಳಿ ಅಂಗಿಯ ತೋಳು ಮಡಿಸಿಕೊಂಡು, ಸರ್ಕಾರವನ್ನು ಕಾರ್ಖಾನೆಯಂತೆ ನಡೆಸಬೇಕೆಂದು ಮಾತಾಡುತ್ತಿದ್ದರು. ಕಲ್ಯಾಣದುರ್ಗದಲ್ಲಿ ಹುಟ್ಟಿ, ಆ ಸೀಮೆಯ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿ, ಬ್ಯಾಟರಿ ಮಾಡಿ, ಕೊನೆಗೆ ಮಾತಾಡುವ ಯಂತ್ರಗಳ ಕಂಪನಿ ಕಟ್ಟಿ ಸಾವಿರಾರು ಕೋಟಿಯ ಒಡೆಯರಾದವರು. ಈಗ ಹೊಸ ಪಕ್ಷ ಕಟ್ಟಿದ್ದರು. ಕಲ್ಯಾಣದುರ್ಗದಲ್ಲಿ ಅವರ ದೊಡ್ಡ ಸಭೆ ನಡೆಯುವುದರಲ್ಲಿತ್ತು.

ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಅವಳು ಕಲ್ಯಾಣದುರ್ಗದ ಅಮ್ಮನ ಮನೆಗೆ ಬಸ್ಸು ಹತ್ತಿದಳು. ರೊದ್ದಂ ದಾಟಿದ ಮೇಲೆ ಪಕ್ಕದಲ್ಲಿ ಕೂತ ಕಂಬದೂರಿನ ಹೆಂಗಸೊಬ್ಬಳು ಅವಳ ಮುಖವನ್ನೇ ನೋಡಿ, "ನೀನು ಮೈಕ್ ಶ್ರೀರಾಮುಲು ಮಗಳಲ್ವಾ?" ಎಂದಳು. "ನಿಮ್ಮಪ್ಪಂಗೆ ಗಂಟ್ಲು ಆಪರೇಸನ್ ಆಗಿತ್ತು ಅಂದ್ರು. ಈಗ ವಾಸಿ ಆಯ್ತಂತಲ್ಲ, ಮೊನ್ನೆ ನಮ್ಮ ಬೀದೀಲಿ ಕೇಳಿದ್ನಮ್ಮ. ಸ್ವಲ್ಪ ಸಣ್ಣಗಾಗೈತೆ ದನಿ. ಆದ್ರೂ ಅದೇ ದನಿ."

ಶಿರೀಷಾ ಕಿಟಕಿಯ ಕಡೆ ತಿರುಗಿದಳು. ಗುಡ್ಡಗಳ ಮೇಲೆ ಬಿಳಿ ರೆಕ್ಕೆಗಳು ನಿಧಾನವಾಗಿ ಸುತ್ತುತ್ತಿದ್ದವು.

ಶ್ರೀರಾಮುಲು ನೇಕಾರರ ಮನೆಯಲ್ಲಿ ಹುಟ್ಟಿದವರು. ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಕೂರಲಾರದೆ ಹರೆಯದಲ್ಲೇ ಮೈಕ್ ಹಿಡಿದರು. ಆಟೊಗೆ ಹಾರ್ನ್ ಕಟ್ಟಿಕೊಂಡು ಕಲ್ಯಾಣದುರ್ಗ, ಕಂಬದೂರು, ಕುಂದುರ್ಪಿಯ ಹಳ್ಳಿಹಳ್ಳಿ ಸುತ್ತಿ ತೆಲುಗು ಕನ್ನಡ ಎರಡರಲ್ಲೂ ಸಾರುತ್ತಿದ್ದರು. ಸಿನಿಮಾ, ಸೀರೆ ಅಂಗಡಿ, ಕರೆಂಟ್ ಇಲ್ಲದ ದಿನ, ಕಣ್ಣಿನ ಕ್ಯಾಂಪು, ಎಲ್ಲ. ಸಾವಿನ ಸುದ್ದಿಯೂ ಅವರದೇ. ಅದಕ್ಕೆ ಬೇರೆ ರೀತಿಯಿತ್ತು. ಆಟೊ ನಡೆದು ಹೋಗುವಷ್ಟು ನಿಧಾನವಾಗುತ್ತಿತ್ತು. ದನಿ ತಗ್ಗುತ್ತಿತ್ತು, ಪ್ರತಿ ವಾಕ್ಯದ ತುದಿಯಲ್ಲಿ ಬಾವಿಗೆ ಹಗ್ಗ ಬಿಟ್ಟಂತೆ ಇನ್ನಷ್ಟು ಇಳಿಯುತ್ತಿತ್ತು. ಹೊರಡುವ ಮುನ್ನ ಅವರು ಸತ್ತವರ ಮನೆಯಲ್ಲಿ ಕೂತು, "ಇವ್ರು ಯಾತಕ್ಕೆ ಹೆಸರಾಗಿದ್ರು?" ಎಂದು ಕೇಳುತ್ತಿದ್ದರು. ಒಂದೇ ಒಂದು ಮಾತು, ಅದೂ ನಿಜವಾಗಿರಬೇಕು, ನೆರೆಯವರು ಕೇಳಿ ತಲೆದೂಗಬೇಕು. "ಕುರಿಮಂದೇಲಿ ಯಾವ ಮರಿ ಯಾವ ತಾಯಿದು ಅಂತ ಕತ್ತಲಲ್ಲೂ ಹೇಳ್ತಿದ್ರು." "ಇವರ ಕೈಯ ಹುರುಳಿ ಸಾರು ತಿಂದವರು ಮರೆತಿಲ್ಲ." ಅಷ್ಟೇ. ಮನೆಯವರು ಎಷ್ಟೇ ಬೇಡಿಕೊಂಡರೂ ಎರಡನೆಯ ಮಾತು ಸೇರಿಸುತ್ತಿರಲಿಲ್ಲ.

ಆಮೇಲೆ ಅವರ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಚಿಕಿತ್ಸೆಯ ಖರ್ಚನ್ನು ಯುವರಾಜ್ ಅವರ ಟ್ರಸ್ಟ್ ವಹಿಸಿಕೊಂಡಿತು. ಅಷ್ಟಕ್ಕೇ ನಿಲ್ಲಲಿಲ್ಲ. ಅವರ ಕಂಪನಿಯ ಎಂಜಿನಿಯರುಗಳು ಹಳ್ಳಿಗಳಲ್ಲಿ ತಿರುಗಿ, ಜನರ ಫೋನುಗಳಲ್ಲಿ ಉಳಿದಿದ್ದ ಶ್ರೀರಾಮುಲು ಅವರ ದನಿಯನ್ನೆಲ್ಲ ಕೂಡಿಸಿ ಒಂದು ಆ್ಯಪ್ ಮಾಡಿಕೊಟ್ಟರು. ಟೈಪ್ ಮಾಡಿದರೆ ಫೋನು ಅವರ ದನಿಯಲ್ಲೇ ಮಾತಾಡುತ್ತಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆ ಮೊದಲ ಸಲ ಅದನ್ನು ಕೇಳಿದಾಗ ಶ್ರೀರಾಮುಲು ಬಹಳ ಹೊತ್ತು ತಲೆ ಓರೆ ಮಾಡಿ ಆಲಿಸಿದ್ದರು. ನಂತರ, ಇರಲಿ ಬಿಡು ಎನ್ನುವಂತೆ ಕೈಯಾಡಿಸಿ, ಗೋಡೆಯ ಮೇಲಿದ್ದ ಯುವರಾಜ್ ಫೋಟೋಗೆ ಕೈಮುಗಿದಿದ್ದರು. ಶಿರೀಷಾ ಕೂಡ ಮುಗಿದಿದ್ದಳು, ಮನಃಪೂರ್ವಕವಾಗಿ.

ಮನೆ ತಲುಪಿದಾಗ ಸಂಜೆಯಾಗಿತ್ತು. ಅಮ್ಮ ಚಿನ್ನಕ್ಕ ಜಗಲಿಯಲ್ಲಿ ರೇಷ್ಮೆ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಕದಿರಣ್ಣನೂ ಬಂದು ಗೋಡೆಗೊರಗಿ ಕೂತಿದ್ದ. ದೀಪ ಹಚ್ಚಿದ ಮೇಲೆ ಚಿನ್ನಕ್ಕ ಗಂಡನ ಫೋನನ್ನು ಗೂಡಿನಿಂದ ತೆಗೆದು ಗುಂಡಿ ಒತ್ತಿದಳು. ದಿನಾ ಬೇಕಾಗುವ ಮಾತುಗಳನ್ನು ಶ್ರೀರಾಮುಲು ಅದರಲ್ಲಿ ಮೊದಲೇ ಬರೆದಿಟ್ಟಿದ್ದರು.

"ಊಟ ಆಯ್ತಾ?" ಎಂದಿತು ಫೋನು. ಮತ್ತೆ ಒತ್ತಿದಳು. "ಫ್ಯಾನ್ ಹಾಕು. ಸೆಕೆ."

"ಹಾಕ್ದೆ ಹಾಕ್ದೆ," ಎನ್ನುತ್ತ ಚಿನ್ನಕ್ಕ ಎದ್ದು ನಿಜವಾಗಿಯೂ ಫ್ಯಾನ್ ಹಾಕಿದಳು.

ಆಗ ಬೀದಿಯ ತುದಿಯಿಂದ ಅದೇ ದನಿ ಹಾರ್ನಿನಲ್ಲಿ ಕೇಳಿಸಿತು.

"ಅಮ್ಮಲಾರಾ, ಅಕ್ಕಲಾರಾ, ಅಣ್ಣಂದಿರೇ... ನಾನು ನಿಮ್ಮ ಶ್ರೀರಾಮುಲು. ಯುವರಾಜ್ ಅವರು... ನಮ್ಮ ಮಣ್ಣಿನ ಮಗ... ನಮಗೆ ಬೆಳಕು ಕೊಟ್ಟವರು..."

ಪ್ರತಿ ವಾಕ್ಯವೂ ತುದಿಯಲ್ಲಿ ಇಳಿಯುತ್ತಿತ್ತು. ಎದುರುಮನೆಯ ಮುದುಕ ಹೊರಬಂದು ತಲೆಯ ಟವೆಲ್ಲು ತೆಗೆದ. ಹೆಂಗಸರು ಸೆರಗು ಬಾಯಿಗೆ ಹಿಡಿದು ಬಾಗಿಲುಗಳಲ್ಲಿ ನಿಂತರು. ಅವರಿಗೆಲ್ಲ ಗೊತ್ತಿತ್ತು ಯುವರಾಜ್ ಸತ್ತಿಲ್ಲ ಎಂದು, ಈಗಾಗಲೇ ಎರಡು ಮೂರು ದಿನ ಕೇಳಿದ್ದರು. ಆದರೂ ಕಾಲುಗಳು ಹೊರಗೆ ತಂದು ನಿಲ್ಲಿಸುತ್ತಿದ್ದವು.

ತಪ್ಪು ಎಲ್ಲಿ ಆಯಿತೆಂಬುದು ಅವಳಿಗೆ ಆಗ ತಿಳಿಯಿತು. ಯಂತ್ರ ತನಗೆ ಕೊಟ್ಟಿದ್ದನ್ನೇ ಕಲಿಯುತ್ತದೆ. ಕೊಡದೆ ಇರುವುದು ಅದರ ಪಾಲಿಗೆ ಇಲ್ಲವೇ ಇಲ್ಲ. ಸೀರೆ ಅಂಗಡಿಯ ಪ್ರಚಾರವನ್ನು ಯಾರು ತಾನೆ ಫೋನಿನಲ್ಲಿ ಹಿಡಿದಿಡುತ್ತಾರೆ? ಜನ ಉಳಿಸಿಕೊಂಡಿದ್ದು ತಮ್ಮ ಅಪ್ಪ, ಅಮ್ಮ, ಅತ್ತೆಯರ ಸಾವಿನ ಸುದ್ದಿಯನ್ನು. ಎಂಜಿನಿಯರುಗಳಿಗೆ ಸಿಕ್ಕಿದ್ದು ಅದೊಂದೇ ದನಿ. ಇಷ್ಟು ದಿನ ಅದರ ಇಳಿತವನ್ನು ಕಾಯಿಲೆಯ ಸುಸ್ತು ಎಂದು ಅವಳು ತಿಳಿದಿದ್ದಳು. ಅಪ್ಪ ಮಾತ್ರ ಮೊದಲ ದಿನವೇ ಗುರುತಿಸಿರಬೇಕು. ಊಟ ಆಯ್ತಾ ಎಂದು ತಮ್ಮ ಹೆಂಡತಿಯನ್ನು ಸಾವಿನ ದನಿಯಲ್ಲಿ ಕೇಳುತ್ತ ಅವರು ಕೊನೆಯ ತಿಂಗಳುಗಳನ್ನು ಕಳೆದಿದ್ದರು.

"ನನ್ ಗತಿ ಕೇಳು," ಎಂದ ಕದಿರಣ್ಣ. "ನಮ್ ಕುರಿ ಮೇಯೋ ಗುಡ್ಡಕ್ಕೆ ಬೇಲಿ ಹಾಕ್ಸಿದೋನು ಅಂತ ವರ್ಸೆಲ್ಲಾ ಬೈಕೊಂಡ್ ಓಡಾಡ್ದೋನು ನಾನು. ಆವತ್ತು ಟೀ ಅಂಗ್ಡೀಲಿ ಕೂತಿದ್ದೆ, ಈ ದನಿ ಬಂತು. ಎದ್ನಿಂತು ಎಲ್ರ ಮುಂದೂ ಹೊಗಳ್ಬುಟ್ಟೆ. ನಮ್ ಮುನೆಮ್ಮತ್ತಿಗೆಗೆ ಕಣ್ಣು ಬಂದಿದ್ದೇ ಆಯಪ್ಪನ ಕ್ಯಾಂಪಲ್ಲಿ, ಧರ್ಮಾತ್ಮ ಅಂದೆ. ಈಗ ನನ್ ತಮ್ಮಂದ್ರು ನಗ್ತಾವ್ರೆ. ಅಂದಿದ್ದನ್ನ ವಾಪಸ್ ತಗೊಳ್ಳೋದು ಹೆಂಗೆ?"

"ಅಂದಿದ್ದು ಸುಳ್ಳಾ ಮಾವ?"

"ಸುಳ್ಳಾಗಿದ್ರೆ ಸಲೀಸಿತ್ತು ಕಣಮ್ಮ."

"ಬೇಲಿ?"

"ಬೇಲೀನೂ ಸುಳ್ಳಲ್ಲ."

ಚಿನ್ನಕ್ಕ ನಕ್ಕಳು. "ಬದ್ಕಿರೋನ್ಗೆ ತಿಥಿ ಮಾಡ್ದಂಗಾಯ್ತು ನಿಂದು. ವಡೆ ಒಂದು ಬಾಕಿ."

ರಾತ್ರಿ ಮಲಗಿದಾಗ ಶಿರೀಷಾ ಲೆಕ್ಕ ಹಾಕುತ್ತಿದ್ದಳು. ಒಳ್ಳೆಯದರಿಂದ ಕೆಟ್ಟದ್ದನ್ನು ಕಳೆದರೆ ಉಳಿಯುವುದೇ ಮನುಷ್ಯ ಎಂದುಕೊಂಡಿದ್ದರೆ ತಪ್ಪು. ಒಂದಕ್ಕೊಂದು ಲಂಬವಾದ ಎರಡು ಬಲಗಳಲ್ಲಿ ಒಂದು ಇನ್ನೊಂದನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ಮುನೆಮ್ಮನ ಕಣ್ಣು ಗುಡ್ಡದ ಬೇಲಿಯನ್ನು ತೆರೆಯುವುದಿಲ್ಲ, ಬೇಲಿ ಆ ಕಣ್ಣನ್ನು ಮುಚ್ಚುವುದೂ ಇಲ್ಲ. ಎರಡೂ ಸೇರಿ ಮನುಷ್ಯನನ್ನು ಬೇರೆಯೇ ಒಂದು ದಿಕ್ಕಿಗೆ ಒಯ್ಯುತ್ತವೆ. ಯುವರಾಜ್ ಹೊರಟಿರುವ ಆ ದಿಕ್ಕು ಯಾವುದು, ಅಪ್ಪನ ದನಿ ಅಲ್ಲಿಗೇಕೆ ಹೋಗಬೇಕು ಎಂಬುದಷ್ಟೇ ಅವಳಿಗೆ ಮುಖ್ಯವಾಗಿತ್ತು.

ಭಾನುವಾರ ಬೆಳಿಗ್ಗೆ ಅರುಣ್ ಕುಮಾರ್ ಬಂದ. ಕಂಪನಿಯವನು, ಪ್ರಚಾರವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ರೊದ್ದಂ ಕಡೆಯವನು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಶ್ರೀರಾಮುಲು ಫೋಟೋಗೆ ಕೈಮುಗಿದು, ತಂದಿದ್ದ ಹಣ್ಣನ್ನು ಚಿನ್ನಕ್ಕನ ಕೈಗೇ ಕೊಟ್ಟ.

"ಯಾರನ್ನ ಕೇಳಿ ನಮ್ಮಪ್ಪನ ದನಿ ಆಟೊಗೆ ಕಟ್ಟಿದಿರಿ?" ಎಂದಳು ಶಿರೀಷಾ.

"ಮೇಡಮ್, ಆ್ಯಪ್ ತಗೊಳ್ಳೋವಾಗ ಅವರು ಒಪ್ಪಿದ್ರು. ದನಿ ಕಂಪನಿ ಹತ್ರ ಇರುತ್ತೆ, ಜನಕ್ಕೆ ಉಪಯೋಗ ಆಗೋ ಕೆಲ್ಸಕ್ಕೆ ಬಳಸ್ತೀವಿ ಅಂತ. ನಾನೇ ಓದಿ ಹೇಳಿದ್ದೆ."

"ಜನಕ್ಕೆ ಉಪಯೋಗ. ಯುವರಾಜ್‌ಗಲ್ಲ."

ಅರುಣ್ ಕುಮಾರನಿಗೆ ಸಿಟ್ಟು ಬರಲಿಲ್ಲ. "ನಂಗೆ ಅವೆರಡೂ ಬೇರೆ ಅನ್ಸಲ್ಲ ಮೇಡಮ್. ನಾವು ಇಲ್ಲಿಯವರು. ನಮ್ಮೂರ ಕಡೆ ಯಾರು ತಿರುಗಿ ನೋಡಿದ್ರು ಹೇಳಿ? ನಮ್ಮನೇಲಿ ನಾವು ಮೂರು ಜನ ಅಣ್ಣ ತಮ್ಮಂದ್ರು ಇವತ್ತು ಕೆಲ್ಸದಲ್ಲಿದೀವಿ ಅಂದ್ರೆ ಅವರಿಂದ. ಸಾರ್ ಮಾತು ಒರಟು, ಎದುರು ಮಾತಾಡಿದ್ರೆ ಆಗಲ್ಲ, ಎಲ್ಲಾ ಗೊತ್ತು. ಆದ್ರೂ ಅವರನ್ನ ಕಂಡ್ರೆ ನಂಗೆ ಎದೆ ತುಂಬುತ್ತೆ. ಸುಳ್ಳು ಹೇಳಿ ಏನು ಪ್ರಯೋಜನ?"

ಅವನು ಬಂದ ಕೆಲಸ ಬೇರೆಯಿತ್ತು. "ಆ ದನಿಗೆ ಜನ ಬರ್ತಾರೆ, ಯಾವ ಪಕ್ಷದ ಗಾಡಿಗೂ ಹಂಗೆ ಬರಲ್ಲ. ಆದ್ರೆ ಬಂದು ಅಳ್ತಾರೆ. ಕಂಬದೂರಲ್ಲಿ ಯಾರೋ ಸಾರ್ ಪೋಸ್ಟರ್‌ಗೆ ಹೂವಿನ ಹಾರ ಹಾಕಿಬಿಟ್ಟಿದಾರೆ. ನಮ್ಮಲ್ಲಿರೋದೆಲ್ಲಾ ಸಾವಿನ ರೆಕಾರ್ಡಿಂಗೇ ಅಂತ ಈಗ ಗೊತ್ತಾಯ್ತು. ಅವರು ಖುಷಿಯಾಗಿ ಮಾತಾಡಿದ್ದು ಏನಾದ್ರೂ ಇದ್ರೆ ಕೊಡಿ ಅಮ್ಮಾ. ಸಭೆಗೆ ಮುಂಚೆ ದನಿ ಸರಿ ಮಾಡ್ತೀವಿ. ನಿಮ್ಮ ಫೋನಲ್ಲೂ ಅದೇ ಬರುತ್ತೆ, ನಗ್ತಾ ಮಾತಾಡ್ತಾರೆ. ಜೀವ ಇರೋವರೆಗೂ ಇಟ್ಕೊಳ್ಳಿ."

"ಕೊಡದಿದ್ರೆ?" ಎಂದಳು ಶಿರೀಷಾ.

ಅವನು ನೆಲ ನೋಡಿದ. "ಈ ದನಿಯನ್ನ ಮುಚ್ಚಿ ಬೇರೆಯವರದ್ದು ತಗೊಳ್ಳಿ ಅಂತ ಮೇಲಿಂದ ಬಂದಿದೆ. ಮುಚ್ಚಿದ್ರೆ ಎಲ್ಲಾ ಕಡೆ ಮುಚ್ಚಿಹೋಗುತ್ತೆ. ಫೋನಲ್ಲೂ ಬರಲ್ಲ. ಇದು ನನ್ನ ಕೈಯಲ್ಲಿಲ್ಲ ಮೇಡಮ್. ನಾಳೆ ಹೇಳಿ."

ಅವನು ಹೋದ ಮೇಲೆ ಚಿನ್ನಕ್ಕ ಬೀರುವಿನಿಂದ ಒಂದು ಕ್ಯಾಸೆಟ್ ತೆಗೆದಳು. ಹಳೆಯ ಟೇಪ್ ರೆಕಾರ್ಡರ್ ಕೆಲಸ ಮಾಡುತ್ತಿತ್ತು. ಇಪ್ಪತ್ತರ ಹರೆಯದ ಶ್ರೀರಾಮುಲು ಯಾವುದೋ ಟೆಂಟಿನ ಸಿನಿಮಾವನ್ನು ಸಾರುತ್ತಿದ್ದರು. ಪದಗಳು ಒಂದರ ಮೇಲೊಂದು ಹತ್ತಿ ಕುಣಿಯುತ್ತಿದ್ದವು. ನಡುವೆ ಒಳಗಿನಿಂದ ಒಬ್ಬ ಹುಡುಗಿಯ ದನಿ, "ಮುದ್ದೆ ಆರೋಯ್ತದೆ, ಬತ್ತೀರೋ ಇಲ್ವೋ?" ಎಂದಿತು. ಶ್ರೀರಾಮುಲು ನಕ್ಕರು. ಗಟ್ಟಿಯಾಗಿ, ತಡೆಯಲಾರದೆ. ಅಲ್ಲಿಗೆ ಟೇಪು ನಿಂತಿತು.

ಶಿರೀಷಾ ಆ ನಗುವನ್ನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಕೊಡಬಾರದೆಂದು ಅವಳಿಗೆ ಅನಿಸಿತ್ತು. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಈ ಮನೆಯಲ್ಲಿ ಒಂಟಿಯಾಗಿ ಕೂರುವವಳು ತಾನಲ್ಲ.

"ನಿಂಗೆ ಹೆಂಗನ್ಸುತ್ತೋ ಹಂಗೆ ಮಾಡಮ್ಮಾ," ಎಂದಳು. "ಕೊಟ್ರೂ ನಾನೇನೂ ಅನ್ನಲ್ಲ."

"ಕೊಟ್ರೆ ಇದೇ ನಗು ಬತ್ತದಾ ಫೋನಲ್ಲಿ?"

"ಬರುತ್ತೆ."

"ಆಟೊದಲ್ಲೂ?"

"ಆಟೊದಲ್ಲೂ."

ಚಿನ್ನಕ್ಕ ಕ್ಯಾಸೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಮಧ್ಯೆ ಒಮ್ಮೆ ಫೋನ್ ತೆಗೆದು ಗುಂಡಿ ಒತ್ತಿದಳು. "ಯಾಕಮ್ಮೀ ಸಿಟ್ಟು?" ಎಂದು ಸತ್ತವರ ಸುದ್ದಿ ಹೇಳಿದಂತೆ ಕೇಳಿತು ಅದು. ಉತ್ತರ ಕೊಡದೆ ಬದಿಗಿಟ್ಟಳು.

"ಅಳೋ ದನೀನ ಊರಿಗೆಲ್ಲಾ ಹಂಚ್ಬುಟ್ರು ನಿಮ್ಮಪ್ಪ. ನಗೋದನ್ನ ಮನೇಲಿ ಬಿಟ್ಟೋದ್ರು," ಎಂದಳು ಕೊನೆಗೆ. "ಅದನ್ನೂ ಆಯಪ್ಪಂಗೆ ಕೊಟ್ರೆ ನಂಗೇನು ಉಳೀತು?"

"ಯುವರಾಜ್ ಕೆಟ್ಟೋನು ಅಂತಾನಾ?"

"ಕೆಟ್ಟೋನು ಅಂತ ನಾನ್ಯಾಕೆ ಅನ್ಲಿ? ನಿಮ್ಮಪ್ಪಂಗೆ ಕೊನೆಗಾಲದಲ್ಲಿ ಮಾತು ಕೊಟ್ಟ. ಕೈ ಮುಗ್ದೆ. ಬೇಕಾದ್ರೆ ಇನ್ನೊಂದ್ಸಲ ಮುಗೀತೀನಿ. ಅದ್ಕೇಂತ ಸತ್ತೋರನ್ನೂ ಎಬ್ಬಿಸ್ಕೊಂಡೋಗಿ ಬೀದಿಬೀದೀಲಿ ಕೈ ಮುಗಿಸ್ತಾ ಇದ್ರೆ ಹೆಂಗೆ? ಬದ್ಕಿದ್ದಿದ್ರೆ ನಿಮ್ಮಪ್ಪ ಆಯಪ್ಪನ ಬಗ್ಗೆ ಎಷ್ಟು ಮಾತು ಹೇಳ್ತಿದ್ರು?"

"ಒಂದು."

"ಆ ಒಂದು ಯಾವ್ದು ಅಂತ ಅವ್ರನ್ನೇ ಕೇಳ್ಬೇಕಿತ್ತು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಬಸ್ಸಲ್ಲಿ ಆ ಕಂಬದೂರಿನೋಳು ಏನಂದ್ಲು ಅಂದೆ? ವಾಸಿ ಆಯ್ತಂತಲ್ಲ ಅಂದ್ಲಾ? ನೋಡು, ಆ ಕಡೆ ಹಳ್ಳಿಯೋರ್ಗೆ ಅವ್ರು ತೀರ್ಕೊಂಡಿದ್ದೇ ಗೊತ್ತಿಲ್ಲ. ಊರೋರ್ದೆಲ್ಲಾ ಸಾರಿದ್ರು, ಅವ್ರದನ್ನ ಸಾರೋಕೆ ಯಾರೂ ಇರ್ಲಿಲ್ಲ."

ಮುಂದಿನದನ್ನು ಅವಳು ಹೇಳಬೇಕಾಗಲಿಲ್ಲ. ಶಿರೀಷಾ ಅಪ್ಪನ ಫೋನನ್ನು ಎತ್ತಿಕೊಂಡಳು. ಅಮ್ಮ ಹೇಳಿದಳು, ಮಗಳು ಟೈಪ್ ಮಾಡಿದಳು. ತೆಲುಗು ಮೊದಲು, ನಂತರ ಕನ್ನಡ, ಅವರು ಸಾರುತ್ತಿದ್ದ ಕ್ರಮದಲ್ಲೇ. ನಿಜವಾದ ಆ ಒಂದು ಮಾತಿನ ಬಳಿ ಬಂದಾಗ ಇಬ್ಬರೂ ನಿಂತರು.

"ಒಳ್ಳೆ ಮನುಷ್ಯರಾಗಿದ್ದರು ಅಂತ ಹಾಕ್ಲಾ?"

"ಥೂ, ಅದನ್ನ ಎಲ್ರಿಗೂ ಹಾಕ್ತಾರೆ. ನಿಮ್ಮಪ್ಪ ಎದ್ಬಂದು ಬೈತಾರೆ." ಚಿನ್ನಕ್ಕ ಯೋಚಿಸಿದಳು. "ಯಾರ ಹೆಸರನ್ನೂ ತಪ್ಪಾಗಿ ಹೇಳ್ದೋರಲ್ಲ ಅಂತ ಹಾಕು."

ಸೋಮವಾರ ಶಿರೀಷಾ ಕಾಲೇಜಿಗೆ ರಜೆ ಹಾಕಿದಳು. ಅರುಣ್ ಕುಮಾರನಿಗೆ ಫೋನ್ ಮಾಡಿ, ಕ್ಯಾಸೆಟ್ ಕೊಡುವುದಿಲ್ಲ ಎಂದು ತಿಳಿಸಿದಳು. ಅವನು, "ಹಾಗಾದ್ರೆ ಸಂಜೆಗೆ ಮುಚ್ಚಿಬಿಡ್ತಾರೆ ಮೇಡಮ್. ಅಮ್ಮನಿಗೆ ಹೇಳಿದೀರಾ?" ಎಂದ. ಹೇಳಿದ್ದೇನೆ ಎಂದಳು.

ಕದಿರಣ್ಣ ಗೊತ್ತಿದ್ದ ಡ್ರೈವರನ ಆಟೊ ತಂದ. ಹಾರ್ನಿಗೆ ಫೋನಿನ ತಂತಿ ಸೇರಿಸಿ ಶಿರೀಷಾ ಮುಂದೆ ಕೂತಳು. ಹಿಂದೆ ಅಮ್ಮ ಮತ್ತು ಕದಿರಣ್ಣ. ಕಂಬದೂರು ಮುಗಿಸಿ ಕುಂದುರ್ಪಿಯ ಕಡೆ ತಿರುಗಿದರು. ಊರು ಬಂದಾಗಲೆಲ್ಲ ಆಟೊ ನಡೆದು ಹೋಗುವಷ್ಟು ನಿಧಾನವಾಗುತ್ತಿತ್ತು.

"ಅಮ್ಮಲಾರಾ, ಅಕ್ಕಲಾರಾ, ಅಣ್ಣಂದಿರೇ... ಕಲ್ಯಾಣದುರ್ಗದ ನೇಕಾರರ ಬೀದಿಯ ಮೈಕ್ ಶ್ರೀರಾಮುಲು ಅವರು... ನಮ್ಮನ್ನು ಅಗಲಿದ್ದಾರೆ. ಯಾರ ಹೆಸರನ್ನೂ ಅವರು... ತಪ್ಪಾಗಿ ಹೇಳಿದವರಲ್ಲ."

ಆ ದನಿ ಎಲ್ಲಿಯೂ ತಡವರಿಸಲಿಲ್ಲ. ಅದಕ್ಕೆ ಬರುತ್ತಿದ್ದ ಒಂದೇ ಕೆಲಸ ಇದು, ಇದನ್ನು ಪೂರ್ತಿಯಾಗಿ ಮಾಡಿತು. ಬಾಗಿಲುಗಳಿಂದ ಜನ ಬಂದರು. ಮುನೆಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಆಟೊದೊಳಗೆ ನೋಡಿ, ಚಿನ್ನಕ್ಕನ ಕುಂಕುಮವಿಲ್ಲದ ಹಣೆಯನ್ನು ಮೊದಲ ಸಲ ಕಂಡು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟಳು. ಕೆಲವರು ತಲೆದೂಗಿದರು. ಒಬ್ಬ ಮುದುಕ, "ಹೌದು, ನಮ್ಮಪ್ಪನ ಹೆಸರು ಎಲ್ರೂ ತಪ್ಪೇ ಅಂತಿದ್ರು, ಆತ ಅನ್ನಲಿಲ್ಲ" ಎಂದ.

ಕುಂದುರ್ಪಿ ದಾಟುವ ಕಡೆ ರಸ್ತೆಯ ತಿರುವಿನಲ್ಲಿ ಎದುರಿನಿಂದ ಇನ್ನೊಂದು ಆಟೊ ಬಂತು. ಮೇಲೆ ಯುವರಾಜ್ ಅವರ ದೊಡ್ಡ ಚಿತ್ರ. ಹಾರ್ನಿನಲ್ಲಿ ಅದೇ ದನಿ. "ನಾನು ನಿಮ್ಮ ಶ್ರೀರಾಮುಲು..." ಎಂದಿತು ಅದು. "ಶ್ರೀರಾಮುಲು ಅವರು ನಮ್ಮನ್ನು ಅಗಲಿದ್ದಾರೆ," ಎಂದಿತು ಇದು. ಒಂದೇ ಗಂಟಲಿನ ಎರಡು ಮಾತು ರಸ್ತೆಯ ಮೇಲೆ ಒಂದನ್ನೊಂದು ಹಾಯ್ದವು. ಜನ ಎರಡೂ ಕಡೆ ನೋಡುತ್ತ ಮಧ್ಯದಲ್ಲಿ ನಿಂತರು.

ಪ್ರಚಾರದ ಆಟೊದ ಡ್ರೈವರು ಯಾವುದೋ ದೂರದ ಊರಿನವನು. ಸಾವಿನ ಸುದ್ದಿ ಎಂದು ತಿಳಿದೊಡನೆ ಗಾಡಿ ಬದಿಗೆ ನಿಲ್ಲಿಸಿ ತನ್ನ ಮೈಕ್ ಆರಿಸಿದ. ಟೋಪಿ ತೆಗೆದು ಇಳಿದು ಬಂದ.

"ಯಾರಕ್ಕ ಹೋಗಿರೋದು?"

ಚಿನ್ನಕ್ಕ ಅವನ ಆಟೊದ ಮೇಲಿದ್ದ ಹಾರ್ನಿನ ಕಡೆ ಕೈ ತೋರಿಸಿದಳು. "ನಿನ್ ಗಾಡೀಲಿ ಇಷ್ಟು ದಿನ ಮಾತಾಡ್ಕೊಂಡು ಬಂದ್ರಲ್ಲಪ್ಪ, ಅವ್ರೇ."

ಡ್ರೈವರು ತಿರುಗಿ ನೋಡಿದ. ಅವನು ಬಹಳ ಹೊತ್ತು ತನ್ನ ಆಟೊದ ಹತ್ತಿರ ಹೋಗಲಿಲ್ಲ.